ಎನ್‌ಕಾಸ್ಟಿಕ್ ಕೊಲಾಜ್: ಸ್ಕೆಚ್ ಇಲ್ಲದೆ, ಕೈಗೆ ತೋಚಿದಂಗೆ ಮೇಣದಲ್ಲಿ ಚಿತ್ರ ಕಟ್ಟೋದು ಹೇಗೆ

ಮೇಣದ ಕೊಲಾಜ್ ಫೋಟೋ ಹಾಕಿದಾಗೆಲ್ಲ ಅದೇ ಮೂರು ಪ್ರಶ್ನೆ. ಯಾವ ಮೇಣ ತಗೋಬೇಕು, ಗ್ಯಾಸ್ ಮೇಲೆ ಕರಗಿಸಬಹುದಾ, ಮೊದಲೇ ಸ್ಕೆಚ್ ಹಾಕ್ಕೊಳ್ತೀರಾ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಬರೆದು ಸಾಕಾಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ. ಅವಸರ ಇರೋರಿಗೆ ಈಗಲೇ ಹೇಳಿಬಿಡ್ತೀನಿ: ಜೇನುಮೇಣ, ಗ್ಯಾಸ್ ಬೇಡವೇ ಬೇಡ, ಸ್ಕೆಚ್ ಹಾಕಲ್ಲ. ಮಿಕ್ಕಿದ್ದು ಕೆಳಗಿದೆ.

ಎನ್‌ಕಾಸ್ಟಿಕ್ ಅಂದ್ರೆ ಇಷ್ಟೇ. ಜೇನುಮೇಣ ಕರಗಿಸಿ, ಸ್ವಲ್ಪ ಮರದ ರಾಳ ಸೇರಿಸಿ, ಬೇಕಾದ್ರೆ ಬಣ್ಣ ಬೆರೆಸಿ, ಬಿಸಿ ಇರುವಾಗ್ಲೇ ಹಲಗೆ ಮೇಲೆ ಬಳಿಯೋದು, ಆಮೇಲೆ ಪ್ರತಿ ಪದರಕ್ಕೂ ಮತ್ತೆ ಬಿಸಿ ಕೊಟ್ಟು ಕೆಳಗಿನ ಪದರದ ಜೊತೆ ಬೆಸೆಯೋದು. ಈ ಬೆಸೆಯೋದಕ್ಕೆ ಫ್ಯೂಸಿಂಗ್ ಅಂತಾರೆ, ಈ ಪದ ಮುಂದೆ ತುಂಬಾ ಸಲ ಬರುತ್ತೆ. ವಿಧಾನ ಬಹಳ ಹಳೇದು, ಈಜಿಪ್ಟಿನ ಫಾಯೂಮ್ ಕಡೆ ಕ್ರಿ.ಶ. 1ರಿಂದ 3ನೇ ಶತಮಾನದಲ್ಲಿ ಮಮ್ಮಿಗಳ ಮುಖದ ಮೇಲೆ ಇಡ್ತಿದ್ದ ಭಾವಚಿತ್ರಗಳಲ್ಲಿ ಎಷ್ಟೋ ಇದರಲ್ಲೇ ಮಾಡಿದ್ದು, ಬಣ್ಣ ಇವತ್ತಿಗೂ ಗಟ್ಟಿಯಾಗಿದೆ. ಅದಕ್ಕೆ ಪೇಪರ್ ಸೇರಿಸಿದ್ದು ನೋಡಬೇಕು ಅಂದ್ರೆ ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ 1954–55ರಲ್ಲಿ ಮಾಡಿದ ‘ಫ್ಲಾಗ್’ ಹುಡುಕಿ ಝೂಮ್ ಮಾಡಿ ನೋಡಿ, ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ದೂರದಿಂದ ಬರೀ ಅಮೆರಿಕದ ಬಾವುಟ, ಹತ್ತಿರ ಹೋದ್ರೆ ಮೇಣದ ಒಳಗೆ ನ್ಯೂಸ್‌ಪೇಪರ್ ತುಂಡುಗಳು. ಅವರು ಮೊದಲು ಗೋಡೆಗೆ ಬಳಿಯೋ ಎನಾಮೆಲ್ ಪೇಂಟಲ್ಲಿ ಶುರು ಮಾಡಿದ್ರಂತೆ, ಅದು ಬೇಗ ಒಣಗ್ತಿರಲಿಲ್ಲ, ಅದಕ್ಕೆ ಮೇಣಕ್ಕೆ ಬಂದ್ರು. ಮೇಣ ಹಚ್ಚಿದ ಕ್ಷಣಕ್ಕೇ ಗಟ್ಟಿಯಾಗುತ್ತಲ್ಲ, ಮುಂದಿನ ಪದರಕ್ಕೆ ಕಾಯೋ ಹಾಗೇ ಇಲ್ಲ.

ಸ್ಕೆಚ್ ಇಲ್ಲದೆ ಮಾಡಬಹುದು ಅಂತ ನಾನು ಹೇಳೋದೂ ಇದೇ ಕಾರಣಕ್ಕೆ. ಇಷ್ಟ ಆಗ್ಲಿಲ್ವಾ, ಕೆರೆದು ತೆಗೀರಿ. ಮುಚ್ಚಿದ್ದು ಮತ್ತೆ ಬೇಕು ಅನ್ಸಿದ್ರೆ ಅಗೀರಿ. ಬಟರ್ ಪೇಪರ್ ಮೇಲೆ ಹತ್ತು ಸಲ ಪ್ಲಾನ್ ಮಾಡಿದ್ರೂ ಪೇಪರ್ ಮೇಣಕ್ಕೆ ಬಿದ್ದ ಮೇಲೆ ಅದರ ಬಣ್ಣ, ಪಾರದರ್ಶಕತೆ ಎಲ್ಲಾ ಬದಲಾಗುತ್ತೆ, ಪ್ಲಾನ್ ಅಲ್ಲಿಗೇ ಮುಗೀತು. ಆದ್ರೆ ಒಂದು ಮಾತು. ಕೈಗೆ ತೋಚಿದಂಗೆ ಮಾಡೋದು ಚಿತ್ರಕ್ಕೆ ಮಾತ್ರ, ಬಿಸಿಗೆ ಅಲ್ಲ, ಗಾಳಿಗೆ ಅಲ್ಲ, ಸಾಮಾನಿಗೆ ಅಲ್ಲ. ಆ ಮೂರನ್ನೂ ಮೊದಲೇ ಬಿಗಿಯಾಗಿ ಸೆಟ್ ಮಾಡ್ಕೊಂಡ್ರೆನೇ ಆಮೇಲೆ ಕೈ ಬಿಟ್ಟು ಕೆಲ್ಸ ಮಾಡೋಕಾಗೋದು.

ಏನೇನು ಬೇಕು

ಜೇನುಮೇಣ ಅರ್ಧ ಕೆಜಿ ಇದ್ರೆ ಸಣ್ಣ ಹಲಗೆಗಳಿಗೆ ಧಾರಾಳ. ಜೇನು ಸೊಸೈಟಿಗಳಲ್ಲಿ ಕೇಳಿ, ಆನ್‌ಲೈನಲ್ಲೂ ಸಿಗುತ್ತೆ. ಪ್ಯಾರಾಫಿನ್ ಬೆರೆಸಿದ ಮಾಲು ಬೇಜಾನ್ ಇದೆ. ಒಂದು ಚೂರು ಬೆರಳಲ್ಲಿ ಹಿಚುಕಿ ನೋಡಿ, ಜೇನುಮೇಣ ಕೈಬಿಸಿಗೆ ಮೆತ್ತಗಾಗಿ ಸ್ವಲ್ಪ ಅಂಟುತ್ತೆ, ಜೇನಿನ ವಾಸನೆ ಬರುತ್ತೆ. ಪ್ಯಾರಾಫಿನ್ ಜಾರುತ್ತೆ, ಪುಡಿಪುಡಿಯಾಗುತ್ತೆ. ಮನೇಲಿರೋ ಕ್ಯಾಂಡಲ್ ಕರಗಿಸಿ ಮಾಡ್ಲಾ ಅಂತ ಕೇಳೋರಿಗೆ, ಬೇಡ, ಅದು ಒಣಗಿದ ಮೇಲೆ ಬಿರುಕು ಬಿಟ್ಟು ಚಕ್ಕೆ ಎದ್ದು ಬರುತ್ತೆ. ಹಳದಿ ಮೇಣ ತಗೊಂಡ್ರೆ ಅದರ ಮೇಲೆ ಹಾಕಿದ ನೀಲಿ ಹಸಿರು ಹೊಡೆಯುತ್ತೆ, ಬಿಳಿ ಪೇಪರ್ ಹಳೇ ಪೇಪರ್ ಥರ ಕಾಣುತ್ತೆ. ನಂಗೆ ಅದೇ ಇಷ್ಟ. ಕ್ಲೀನ್ ಬಣ್ಣ ಬೇಕು ಅನ್ನೋರು ಶೋಧಿಸಿದ ಬಿಳಿ ಜೇನುಮೇಣ ತಗೊಳ್ಳಿ.

ಡಾಮರ್ ರಾಳ, ಅಂದ್ರೆ ಮರದಿಂದ ಒಸರೋ ಗಟ್ಟಿ ಅಂಟು, ರಸ್ತೆಗೆ ಹಾಕೋ ಡಾಂಬರಲ್ಲ. ಇದು ಮೇಣವನ್ನ ಗಟ್ಟಿ ಮಾಡುತ್ತೆ, ಹೊಳಪು ಕೊಡುತ್ತೆ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ರಾಳಾನೂ ಇದೇ ಕುಟುಂಬದ್ದೇ, ಆದ್ರೆ ಗ್ರಂಥಿಗೆ ಅಂಗಡೀಲಿ ಬರೀ ರಾಳ ಅಂತ ಕೇಳಿದ್ರೆ ಯಾವ ಮರದ್ದು ಕೊಡ್ತಾರೆ ಗೊತ್ತಾಗಲ್ಲ, ಎಷ್ಟೋ ಸಲ ಪೈನ್ ಮರದ ರೋಸಿನ್ ಕೈಗೆ ಬರುತ್ತೆ, ಅದು ಕಾಲ ಕಳೆದಂಗೆ ಕಪ್ಪಾಗುತ್ತೆ. ಶುರು ಮಾಡೋರು ಆರ್ಟ್ ಸಾಮಾನು ಮಾರೋ ಕಡೆಯಿಂದಾನೇ ಡಾಮರ್ ಅಂತ ಕೇಳಿ ತಗೊಳ್ಳಿ. ಸಿಗ್ಲೇ ಇಲ್ಲ ಅಂದ್ರೆ ಮೊದಲ ಒಂದೆರಡು ಹಲಗೆ ಬರೀ ಜೇನುಮೇಣದಲ್ಲೇ ಮಾಡಿ, ಸ್ವಲ್ಪ ಮೆತ್ತಗಿರುತ್ತೆ ಅಷ್ಟೇ.

ಹಲಗೆ: ಸಾದಾ ಪ್ಲೈವುಡ್, 12 ಮಿ.ಮೀ. ದಪ್ಪ, 8 ಇಂಚು ಚೌಕ ಸಾಕು. ಕಾರ್ಪೆಂಟರ್ ಹತ್ರ ಮಿಕ್ಕಿರೋ ತುಂಡು ಕೇಳಿದ್ರೆ ಕೊಡ್ತಾರೆ. ಸನ್‌ಮೈಕಾ ಇರಬಾರದು, ವಾರ್ನಿಷ್ ಇರಬಾರದು, ಮರ ಮೇಣ ಕುಡೀಬೇಕು. ಕ್ಯಾನ್ವಾಸ್ ಬೇಡ, ಅದು ಬಾಗುತ್ತೆ, ಮೇಣ ಬಿರಿಯುತ್ತೆ. ಹಲಗೆಗೆ ಆಕ್ರಿಲಿಕ್ ಜೆಸ್ಸೋ, ಅಂದ್ರೆ ಪೇಂಟಿಂಗಿಗೆ ಮುಂಚೆ ಬಳಿಯೋ ಬಿಳಿ ಪ್ರೈಮರ್, ಬಳಿಯೋ ತಪ್ಪನ್ನ ಆಕ್ರಿಲಿಕ್ ಮಾಡಿ ಅಭ್ಯಾಸ ಇರೋರೆಲ್ಲ ಮಾಡ್ತಾರೆ. ಅದು ಪ್ಲಾಸ್ಟಿಕ್ ಪದರ, ಮೇಣ ಅದಕ್ಕೆ ಹಿಡಿಯಲ್ಲ, ಒಂದು ದಿನ ಇಡೀ ಚಿತ್ರ ಹಾಳೆ ಥರ ಎದ್ದು ಬರುತ್ತೆ.

ಬಿಸಿಗೆ: ಟೆಂಪರೇಚರ್ ಕಂಟ್ರೋಲ್ ಇರೋ ಎಲೆಕ್ಟ್ರಿಕ್ ತವಾ ಅಥವಾ ಹಾಟ್‌ಪ್ಲೇಟ್, ಅದರ ಮೇಲೆ ಸಣ್ಣ ಸಣ್ಣ ತಗಡಿನ ಡಬ್ಬಿ. ಜೊತೆಗೆ ಒಂದು ಥರ್ಮಾಮೀಟರ್, ಇದನ್ನ ಬಿಟ್ಟು ಶುರು ಮಾಡಬೇಡಿ. ಗನ್ ಥರ ಇರೋ ಇನ್‌ಫ್ರಾರೆಡ್ ಥರ್ಮಾಮೀಟರ್ ಆದ್ರೆ ಹೊಳೆಯೋ ತಗಡಿಗೆ ಹಿಡೀಬೇಡಿ, ಸುಳ್ಳು ರೀಡಿಂಗ್ ಕೊಡುತ್ತೆ, ಕರಗಿದ ಮೇಣಕ್ಕೇ ಹಿಡೀರಿ. ಫ್ಯೂಸಿಂಗಿಗೆ ಹೀಟ್ ಗನ್, ಬಿಸಿ ಕಮ್ಮಿ ಜಾಸ್ತಿ ಮಾಡೋ ಸ್ವಿಚ್ ಇರೋದು.

ಬ್ರಷ್ ಹಂದಿ ಕೂದಲಿಂದೇ ಬೇಕು. ನೈಲಾನ್ ಬಿಸಿಗೆ ಮುದುಡಿಹೋಗುತ್ತೆ. ಪೇಂಟ್ ಅಂಗಡೀಲಿ ಸಿಗೋ ಅಗ್ಗದ ಚಪ್ಪಟೆ ಬ್ರಷ್ಷೇ ಸಾಕು, ಕೂದಲು ಉದುರೋದನ್ನ ಮೊದಲೇ ಎಳೆದು ತೆಗೆದುಬಿಡಿ. ಬಣ್ಣಕ್ಕೊಂದು ಬ್ರಷ್, ತೊಳೆಯೋದಿಲ್ಲ, ಮೇಣದಲ್ಲೇ ಗಟ್ಟಿಯಾಗೋಕೆ ಬಿಡೋದು, ಮುಂದಿನ ಸಲ ಬಿಸಿ ಡಬ್ಬೀಲಿಟ್ರೆ ತಾನೇ ಮೆತ್ತಗಾಗುತ್ತೆ. ಕೆರೆಯೋಕೆ ಬ್ಲೇಡ್, ಹಳೇ ಚಮಚ, ಸೂಜಿ. ಅಡುಗೆ ಮನೆಯಿಂದ ತಂದ ಯಾವ ಸಾಮಾನೂ ವಾಪಸ್ ಅಡುಗೆ ಮನೆಗೆ ಹೋಗಬಾರದು.

ಹಂತ 1: ಜಾಗ, ಗಾಳಿ, ಬೆಂಕಿ

ಇದನ್ನ ಓದದೆ ಮುಂದೆ ಹೋಗ್ಬೇಡಿ. ಜೇನುಮೇಣ 62–64 ಡಿಗ್ರಿಗೆ ಕರಗುತ್ತೆ. ಕೆಲ್ಸ ಮಾಡೋ ಬಿಸಿ 85ರಿಂದ 95 ಡಿಗ್ರಿ. 105 ದಾಟಿಸಬೇಡಿ. ಹೊಗೆ ಕಾಣಿಸ್ತು, ಕಣ್ಣು ಉರೀತು, ತಲೆ ಭಾರ ಆಯ್ತು ಅಂದ್ರೆ ಆಗಲೇ ಜಾಸ್ತಿ ಬಿಸಿ ಆಗಿದೆ ಅಂತ, ತಕ್ಷಣ ಆಫ್ ಮಾಡಿ ಕಿಟಕಿ ತೆಗೀರಿ. ಸೀದ ಮೇಣದ ಹೊಗೆ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಸೀಲಿಂಗ್ ಫ್ಯಾನ್ ಹಾಕ್ಕೊಂಡು ಕೂತ್ರೆ ಗಾಳಿ ಹೊರಗೆ ಹೋಗಲ್ಲ, ಅಲ್ಲೇ ಸುತ್ತುತ್ತೆ, ಮೇಲಿಂದ ಮೇಣ ಬೇಗ ಆರುತ್ತೆ, ಪೇಪರ್ ಹಾರುತ್ತೆ. ತವಾ ಪಕ್ಕದ ಕಿಟಕೀಲಿ ಎಕ್ಸಾಸ್ಟ್ ಹೊರಗೆಳೀಬೇಕು, ಎದುರು ಕಡೆ ಇನ್ನೊಂದು ಕಿಟಕಿ ಅಥವಾ ಬಾಗಿಲು ತೆರೆದಿರಬೇಕು.

ಗ್ಯಾಸ್ ಬೇಡ ಅನ್ನೋದು ಯಾಕೆ ಅಂದ್ರೆ ತೆರೆದ ಉರಿ ಇದ್ದ ಕಡೆ ಒಂದು ಹನಿ ಮೇಣ ಚೆಲ್ಲಿದ್ರೂ ಹೊತ್ಕೊಳ್ಳುತ್ತೆ. ಮೇಣಕ್ಕೆ ಬೆಂಕಿ ಹಿಡಿದ್ರೆ ನೀರು ಹಾಕಲೇಬಾರದು, ಎಣ್ಣೆ ಬೆಂಕಿಗೆ ನೀರು ಹಾಕಿದಂಗೇ ಸಿಡಿದು ಹರಡುತ್ತೆ. ಡಬ್ಬಿ ಮುಚ್ಚೋ ಸೈಜಿನ ತಟ್ಟೆ ಒಂದು ಪಕ್ಕದಲ್ಲೇ ಇರಲಿ, ಫೈರ್ ಎಕ್ಸ್‌ಟಿಂಗ್ವಿಷರ್ ಇದ್ರೆ ಇನ್ನೂ ಒಳ್ಳೇದು. ಕೈ ಮೇಲೆ ಬಿಸಿ ಮೇಣ ಬಿದ್ರೆ ಕಿತ್ತು ತೆಗೆಯೋಕೆ ಹೋಗ್ಬೇಡಿ, ಚರ್ಮಾನೂ ಬರುತ್ತೆ. ಮೇಣದ ಸಮೇತ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ, ಗುಳ್ಳೆ ದೊಡ್ಡದಾಗಿದ್ರೆ ಡಾಕ್ಟರ್ ಹತ್ರ ಹೋಗಿ. ಟರ್ಪೆಂಟೈನ್, ಥಿನ್ನರ್ ಬಾಟ್ಲು ಆ ರೂಮಲ್ಲೇ ಇರಬಾರದು. ತವಾ ಆನ್ ಇರುವಾಗ ಕಾಫಿ ಮಾಡ್ಕೊಂಡು ಬರ್ತೀನಿ ಅಂತ ಎದ್ದು ಹೋಗೋ ಹಾಗಿಲ್ಲ.

ಎಲೆಕ್ಟ್ರಿಕ್ ತವಾ ಇಲ್ಲದೋರು ಡಬಲ್ ಬಾಯ್ಲರ್ ಮಾಡ್ಬಹುದು, ಅಂದ್ರೆ ಎಲೆಕ್ಟ್ರಿಕ್ ಸ್ಟವ್ ಮೇಲೆ ನೀರಿನ ಪಾತ್ರೆ, ಅದರೊಳಗೆ ಮೇಣದ ಡಬ್ಬಿ. ನೀರು ಕುದಿಯೋ ಬಿಸಿ ದಾಟೋಕೇ ಆಗಲ್ಲ, ಅದೇ ಇದರ ಸೇಫ್ಟಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂಗಿದೆ. ನೀರು ಆರದಂಗೆ ನೋಡ್ಕೋಬೇಕು, ಮೇಣಕ್ಕೆ ನೀರಿನ ಹನಿ ಬೀಳಬಾರದು.

ಹಂತ 2: ಮೀಡಿಯಂ ಮಾಡ್ಕೊಳ್ಳೋದು

ಮೇಣ ಮತ್ತು ರಾಳದ ಮಿಶ್ರಣಕ್ಕೆ ಮೀಡಿಯಂ ಅಂತಾರೆ. ತೂಕದಲ್ಲಿ 8 ಪಾಲು ಮೇಣಕ್ಕೆ 1 ಪಾಲು ಡಾಮರ್. 400 ಗ್ರಾಂ ಮೇಣ, 50 ಗ್ರಾಂ ರಾಳ. ರಾಳ ಜಾಸ್ತಿ ಹಾಕಿದ್ರೆ ಇನ್ನೂ ಹೊಳೆಯುತ್ತೆ ಅಂತ ಆಸೆಗೆ ಬೀಳ್ಬೇಡಿ, ಗಾಜಿನಂಗೆ ಪೆಳಸಾಗುತ್ತೆ.

ರಾಳವನ್ನ ಬಟ್ಟೇಲಿ ಸುತ್ತಿ ಸುತ್ತಿಗೇಲಿ ಕುಟ್ಟಿ ಪುಡಿ ಮಾಡಿ. ಮೇಣ ಪೂರ್ತಿ ಕರಗಿದ ಮೇಲೆ ಸ್ವಲ್ಪ ಸ್ವಲ್ಪ ಹಾಕಿ, 100 ಡಿಗ್ರಿ ಆಸುಪಾಸಲ್ಲಿಟ್ಟು ಆಗಾಗ ಕದಡ್ತಾ ಇರಿ, ಒಂದು ಗಂಟೆ ಮೇಲೇ ಹಿಡಿಯುತ್ತೆ, ಮೊದಲು ಅಂಟಂಟಾಗಿ ತಳದಲ್ಲಿ ಕೂತಿರುತ್ತೆ, ಕೆಟ್ಟೋಯ್ತು ಅಂದ್ಕೋಬೇಡಿ. ಈ ಒಂದು ಹಂತಕ್ಕೆ ಮಾತ್ರ ಡಬಲ್ ಬಾಯ್ಲರ್ ಬಿಸಿ ಸಾಲಲ್ಲ. ಅಂಥೋರು ಒಂದೋ ರೆಡಿ ಮೀಡಿಯಂ ತಗೊಳ್ಳಿ, ಇಲ್ಲ ಬರೀ ಮೇಣದಲ್ಲಿ ಮಾಡಿ. ಕರಗಿದ ಮೇಲೆ ಹಳೇ ಪಂಚೆ ಬಟ್ಟೇಲಿ ಶೋಧಿಸಿ, ತೊಗಟೆ ಚೂರು, ಕಸ ಎಲ್ಲಾ ಅಲ್ಲೇ ನಿಲ್ಲುತ್ತೆ. ಸಿಲಿಕಾನ್ ಅಚ್ಚಿಗೆ ಹುಯ್ದು ಬಿಲ್ಲೆ ಮಾಡಿಟ್ಕೊಂಡ್ರೆ ಬೇಕಾದಾಗ ಬೇಕಾದಷ್ಟೇ ಕರಗಿಸಬಹುದು.

ಬಣ್ಣಕ್ಕೆ ಆರ್ಟಿಸ್ಟ್ ಪಿಗ್ಮೆಂಟ್ ಪುಡಿ, ಅಥವಾ ಆಯಿಲ್ ಪೇಂಟನ್ನ ಟಿಶ್ಯೂ ಮೇಲೆ ಹಿಂಡಿ ರಾತ್ರಿಯಿಡೀ ಬಿಟ್ಟು ಎಣ್ಣೆ ಹೀರಿಸಿ ಆಮೇಲೆ ಮೀಡಿಯಂಗೆ ಹಾಕೋದು. ಪುಡಿ ಮುಟ್ಟುವಾಗ ಮಾಸ್ಕ್ ಕಡ್ಡಾಯ. ಕ್ಯಾಡ್ಮಿಯಂ, ಸೀಸ ಇರೋ ಬಣ್ಣ ಬೇಡ. ಅರಿಶಿನ ಹಾಕಿದ್ರೆ ಚೆನ್ನಾಗೇ ಕಾಣುತ್ತೆ, ಬಿಸಿಲು ಬಿದ್ದು ಬಿದ್ದು ಮಾಯ ಆಗುತ್ತೆ. ಕೆಮ್ಮಣ್ಣು ಮಾತ್ರ ಭೇಷ್. ಚೆನ್ನಾಗಿ ಒಣಗಿಸಿ, ನುಣ್ಣಗೆ ಅರೆದು, ಬಟ್ಟೇಲಿ ಜರಡಿ ಹಿಡಿದ್ರೆ ಬೇರೆ ಕೆಂಪೇ ಬೇಡ, ಅದರ ಬಣ್ಣ ಕಬ್ಬಿಣದ ಆಕ್ಸೈಡ್, ಬೆಳಕಿಗೆ ಅಳಿಸಿಹೋಗಲ್ಲ. ಶುರುವಲ್ಲಿ ಬಣ್ಣ ಎರಡೇ ಇಟ್ಕೊಳ್ಳಿ. ಹತ್ತು ಡಬ್ಬಿ ಇಟ್ಕೊಂಡ್ರೆ ಕೈ ಡಬ್ಬಿಯಿಂದ ಡಬ್ಬಿಗೆ ಓಡಾಡುತ್ತೆ, ಚಿತ್ರ ನೋಡೋದೇ ಇಲ್ಲ.

ಹಂತ 3: ಪೇಪರ್ ಗುಡ್ಡೆ

ಸ್ಕೆಚ್ ಬದಲು ನಾನು ಮಾಡೋದು ಇದು. ಒಂದು ರಟ್ಟಿನ ಡಬ್ಬೀಲಿ ಸಿಕ್ಕ ಪೇಪರ್ ಎಲ್ಲಾ ಹಾಕ್ತಾ ಇರ್ತೀನಿ, ಕೆಲ್ಸಕ್ಕೆ ಕೂರೋ ದಿನ ಸುರುವಿ, ಯೋಚನೆ ಮಾಡದೆ ಒಂದು ಹಿಡಿ ಎತ್ಕೊಳ್ಳೋದು. ಯಾವ ಥರದ್ದು ಹಾಕಬಹುದು ಅನ್ನೋದು ಮಾತ್ರ ಗೊತ್ತಿರಬೇಕು, ಮೇಣ ಹೀರೋ ಪೇಪರ್ ಆದ್ರೆ ಸರಿ, ಹೀರದ್ದು ಆಗಲ್ಲ. ಟಿಶ್ಯೂ, ರೈಸ್ ಪೇಪರ್, ಹತ್ತಿಯ ತೆಳು ಹ್ಯಾಂಡ್‌ಮೇಡ್ ಪೇಪರ್, ಹಳೇ ಪಂಚಾಂಗದ ಹಾಳೆ, ನ್ಯೂಸ್‌ಪೇಪರ್, ರೂಲ್ಡ್ ನೋಟ್‌ಬುಕ್, ಮಲ್ ಬಟ್ಟೆ, ಹತ್ತಿ ದಾರ, ಎಲ್ಲಾ ಓಕೆ. ಮ್ಯಾಗಜೀನಿನ ಗ್ಲಾಸಿ ಹಾಳೆ, ಲ್ಯಾಮಿನೇಟ್ ಮಾಡಿದ ಲಗ್ನಪತ್ರಿಕೆ, ಸ್ಟುಡಿಯೋ ಫೋಟೋ, ಇವೆಲ್ಲ ಮೇಣದ ಮೇಲೆ ಹಾಗೇ ಕೂತಿದ್ದು ಆಮೇಲೆ ಸಿಪ್ಪೆ ಏಳುತ್ತೆ.

ಬಸ್ ಟಿಕೆಟ್ ಹಾಕೋ ಆಸೆ ಎಲ್ಲರಿಗೂ ಇರುತ್ತೆ. ಈಗಿನ ಕಂಡಕ್ಟರ್ ಮೆಷಿನ್ ಟಿಕೆಟ್, ಎಟಿಎಂ ಸ್ಲಿಪ್, ಸೂಪರ್‌ಮಾರ್ಕೆಟ್ ಬಿಲ್ ಎಲ್ಲಾ ಥರ್ಮಲ್ ಪೇಪರ್, ಬಿಸಿಗೇ ಅಕ್ಷರ ಮೂಡೋ ಪೇಪರ್ ಅದು. ಬಿಸಿ ಮೇಣ ತಾಗಿದ ಕೂಡ್ಲೇ ಅಂಚಿಂದ ಬೂದು ಬಣ್ಣ ಹಬ್ಕೊಂಡು ಬಂದು ನೋಡ್ತಾ ನೋಡ್ತಾ ಇಡೀ ಟಿಕೆಟ್ ಕಪ್ಪಾಗುತ್ತೆ, ಊರಿನ ಹೆಸ್ರೂ ಇಲ್ಲ ರೇಟೂ ಇಲ್ಲ. ಆ ಕಪ್ಪೇ ಬೇಕು ಅಂದ್ರೆ ಬೇರೆ ಮಾತು, ಒಂದ್ಸಲ ಮಾಡಿ ನೋಡಿ, ಮಜವಾಗಿದೆ. ಟಿಕೆಟ್ಟೇ ಬೇಕು ಅಂದ್ರೆ ತೆಳು ಪೇಪರಿಗೆ ಲೇಸರ್ ಜೆರಾಕ್ಸ್ ಮಾಡಿಸ್ಕೊಳ್ಳಿ. ಅಜ್ಜಿ ಬರೆದ ಕಾಗದ, ಹಳೇ ಫೋಟೋ ಇಂಥದ್ದಕ್ಕೂ ಜೆರಾಕ್ಸೇ, ಒರಿಜಿನಲ್ ಮೇಣಕ್ಕೆ ಹಾಕಿದ್ರೆ ವಾಪಸ್ ಬರಲ್ಲ.

ಇನ್ನೊಂದು, ತೆಳು ಪೇಪರ್ ಮೇಣದಲ್ಲಿ ಪಾರದರ್ಶಕ ಆಗಿ ಹಿಂದಿನ ಪುಟದ ಅಕ್ಷರಾನೂ ಉಲ್ಟಾ ಕಾಣುತ್ತೆ. ಬೇಡ ಅನ್ನೋರು ಒಂದೇ ಬದಿ ಪ್ರಿಂಟ್ ಇರೋದು ಆರಿಸ್ಕೊಳ್ಳಿ. ಎಲೆ, ಹೂವು ಹಾಕೋದಾದ್ರೆ ಪುಸ್ತಕದ ನಡುವೆ ಇಟ್ಟು ಗರಿಗರಿ ಒಣಗಿರಬೇಕು, ಒಳಗೆ ತೇವ ಇದ್ರೆ ಗುಳ್ಳೆ ಏಳುತ್ತೆ, ಆಮೇಲೆ ಕೊಳೆಯುತ್ತೆ. ಸೀರೆ ಜರಿ ಈಗ ಬಹಳಷ್ಟು ಪ್ಲಾಸ್ಟಿಕ್, ಹೀಟ್ ಗನ್ ಗಾಳಿಗೆ ಮುದುಡುತ್ತೆ.

ಹಂತ 4: ಅಡಿಪದರ

ಹಲಗೆಯನ್ನ ಹೀಟ್ ಗನ್ನಲ್ಲಿ ಬೆಚ್ಚಗೆ ಮಾಡಿ, ಅಂಗೈ ಇಟ್ರೆ ಹಿತವಾಗಿ ಬಿಸಿ ಅನ್ನಿಸ್ಬೇಕು. ತಣ್ಣಗಿರೋ ಹಲಗೆಗೆ ಮೇಣ ಮೇಲಷ್ಟೇ ಹಿಡಿಯುತ್ತೆ. ಬಣ್ಣ ಇಲ್ಲದ ಮೀಡಿಯಂ ಒಂದು ಪದರ ಬಳಿದು ಫ್ಯೂಸ್ ಮಾಡಿ, ಮೊದಲನೇದಕ್ಕೆ ಅಡ್ಡ ಎಳೆದಿದ್ರೆ ಎರಡನೇದಕ್ಕೆ ಉದ್ದ ಎಳೆದು ಮತ್ತೆ ಫ್ಯೂಸ್.

ಫ್ಯೂಸಿಂಗ್ ಹೇಗೆ ಅಂದ್ರೆ, ಹೀಟ್ ಗನ್ ನಾಕೈದು ಇಂಚು ಮೇಲೆ ಹಿಡಿದು ನಿಲ್ಲಿಸದೆ ಆಡಿಸ್ತಾ ಇರಬೇಕು. ಗಟ್ಟಿ ತುಪ್ಪ ಕರಗೋಕೆ ಶುರುವಾದಾಗ ಮೇಲೆ ಒಂದು ಹೊಳಪು ಓಡುತ್ತಲ್ಲ, ಮೇಣದ ಮೇಲೂ ಹಾಗೇ ಓಡುತ್ತೆ, ಅದು ಕಂಡ ತಕ್ಷಣ ಮುಂದಕ್ಕೆ ಹೋಗಿ. ಮೇಣ ಹರಿಯೋಕೆ ಶುರುವಾಯ್ತು ಅಂದ್ರೆ ಜಾಸ್ತಿ ಆಯ್ತು. ಹೊಸಬರು ಮಾಡೋ ತಪ್ಪಲ್ಲಿ ಅರ್ಧಕ್ಕರ್ಧ ಇಲ್ಲೇ, ಒಂದೋ ಹೆದರಿ ಫ್ಯೂಸ್ ಮಾಡದೆ ಬಿಡ್ತಾರೆ, ಪದರ ಬೇರೆ ಬೇರೆಯಾಗಿ ಕಳಚುತ್ತೆ, ಇಲ್ಲ ಚೆನ್ನಾಗಿ ಕಾಣುತ್ತೆ ಅಂತ ಕಾಯಿಸ್ತಾನೇ ಇರ್ತಾರೆ, ಕೆಳಗಿಂದ ಎಲ್ಲಾ ಕರಗಿ ಪೇಪರ್ ಈಜಾಡುತ್ತೆ.

ಹಂತ 5: ಪೇಪರ್ ಕೂರಿಸೋದು

ಕತ್ತರಿ ಬದಿಗಿಡಿ, ಕೈಯಲ್ಲಿ ಹರೀರಿ. ಹರಿದ ಅಂಚು ಮೇಣದಲ್ಲಿ ಕರಗಿಹೋದಂಗೆ ಕಾಣುತ್ತೆ, ಕತ್ತರಿಸಿದ ಅಂಚು ಗೆರೆ ಎಳೆದಂಗೆ ಕಾಣುತ್ತೆ. ಎರಡೂ ಬೇಕಾಗುತ್ತೆ, ಆದ್ರೆ ಶುರು ಹರಿಯೋದ್ರಿಂದ.

ಮೇಲ್ಪದರ ಇನ್ನೂ ಬೆಚ್ಚಗಿರುವಾಗ ತುಂಡು ಇಟ್ಟು ನಡುವಿಂದ ಹೊರಕ್ಕೆ ಬೆರಳಲ್ಲಿ ಸವರಿ, ಚಮಚದ ಬೆನ್ನಲ್ಲಿ ಉಜ್ಜಿ, ಮೇಲೆ ತೆಳುವಾಗಿ ಮೀಡಿಯಂ ಬಳಿದು ಫ್ಯೂಸ್ ಮಾಡಿ. ದಪ್ಪ ಪೇಪರ್ ಆದ್ರೆ ಮೊದಲು ಮೇಣದಲ್ಲಿ ಮುಳುಗಿಸಿ ತೆಗೆದು ಆಮೇಲೆ ಇಡಿ. ಪೇಪರ್ ಅಡಿ ಬಿಳಿ ಚುಕ್ಕೆ ಕಂಡ್ರೆ ಅಲ್ಲಿ ಗಾಳಿ ಸಿಕ್ಕಿದೆ ಅಂತ, ಸೂಜೀಲಿ ಚುಚ್ಚಿ, ಬಿಸಿ ಕೊಟ್ಟು, ಒತ್ತಿ. ಹೀಟ್ ಗನ್ ಗಾಳಿಗೆ ಪೇಪರ್ ಹಾರೋದಾದ್ರೆ ಫ್ಯಾನ್ ಸ್ಪೀಡ್ ಕಮ್ಮಿ ಮಾಡಿ ಮೇಲಿಂದ ನೇರ ಹಿಡೀರಿ, ಪಕ್ಕದಿಂದ ಬೇಡ.

ಎಲ್ಲಿಡೋದು? ಮೊದಲ ಮೂರು ತುಂಡು ಯೋಚಿಸದೆ ಇಡಿ, ಒಂದು ದೊಡ್ಡದು, ಒಂದು ಸಣ್ಣದು, ಒಂದು ಅಂಚಿಂದ ಆಚೆ ಹೋಗೋ ಹಾಗೆ. ಆಮೇಲೆ ಹಲಗೆ ತಿರುಗಿಸಿ. ನಾಲ್ಕೂ ಕಡೆಯಿಂದ ನೋಡಿ ಯಾವ ಕಡೆ ಭಾರ, ಯಾವ ಕಡೆ ಖಾಲಿ ಅಂತ ಕಣ್ಣೇ ಹೇಳುತ್ತೆ, ಮುಂದಿನ ತುಂಡು ಅದಕ್ಕೆ ಉತ್ತರ. ಅಕ್ಷರ ಇರೋ ಪೇಪರ್ ಒಂದನ್ನಾದ್ರೂ ತಲೆಕೆಳಗು ಇಡಿ, ಇಲ್ಲಾಂದ್ರೆ ನೋಡೋರು ಓದೋಕೆ ಶುರು ಮಾಡ್ತಾರೆ, ಚಿತ್ರ ನೋಡಲ್ಲ.

ಎರಡು ಮೂರು ಹಲಗೆ ಒಟ್ಟಿಗೆ ಇಟ್ಕೊಂಡು ಮಾಡೋದು ನನ್ನ ಪದ್ಧತಿ. ಒಂದರಲ್ಲಿ ಸಿಕ್ಕಿಹಾಕ್ಕೊಂಡ್ರೆ ಇನ್ನೊಂದಕ್ಕೆ ಹೋಗಬಹುದು, ಒಂದೇ ಹಲಗೆ ಇದ್ರೆ ಸುಮ್ನೆ ಅದನ್ನೇ ಕೆದಕಿ ಕೆದಕಿ ಹಾಳು ಮಾಡ್ತೀವಿ.

ಹಂತ 6: ಮುಚ್ಚೋದು, ಅಗೆಯೋದು

ಈ ಮಾಧ್ಯಮದ ನಿಜವಾದ ರುಚಿ ಇಲ್ಲಿದೆ. ಈಗ ನಿಮ್ಗೆ ತುಂಬಾ ಇಷ್ಟವಾದ ಜಾಗ ಒಂದಿರುತ್ತಲ್ಲ, ಅದನ್ನ ಬಿಳಿ ಅಥವಾ ಕೆಮ್ಮಣ್ಣಿನ ಮೇಣದಿಂದ ಅರ್ಧ ಮುಚ್ಚಿ. ಹೌದು, ಅದನ್ನೇ. ಆ ಒಂದು ಮೂಲೆ ಕಾಪಾಡೋಕೆ ಹೋಗಿ ಮಿಕ್ಕ ಚಿತ್ರವೆಲ್ಲ ಅದರ ಸೇವೆಗೆ ನಿಂತಿರುತ್ತೆ, ಅದಕ್ಕೇ ಹೇಳಿದ್ದು. ಹೇಗೂ ಅದು ಒಳಗೇ ಇದೆ, ಎಲ್ಲೂ ಹೋಗಲ್ಲ.

ಮೇಣ ಗಟ್ಟಿಯಾಗಿ ಇನ್ನೂ ಸ್ವಲ್ಪ ಬೆಚ್ಚಗಿರುವಾಗ ಬ್ಲೇಡನ್ನ ಅಡ್ಡ ಮಲಗಿಸಿ ಮೆಲ್ಲಗೆ ಎಳೀರಿ. ತೆಳು ಸುರುಳಿಯಾಗಿ ಮೇಲ್ಪದರ ಬರುತ್ತೆ, ಕೆಳಗಿಂದ ಮೊದಲು ಮಂಜುಮಂಜಾಗಿ, ಇನ್ನೊಂದೆರಡು ಎಳೆತಕ್ಕೆ ಸ್ಪಷ್ಟವಾಗಿ ಪಂಚಾಂಗದ ತಿಥಿ ಸಾಲು ಕಾಣಿಸ್ಕೊಳ್ಳುತ್ತೆ. ಎಲ್ಲಿ ನಿಲ್ಲಿಸ್ತೀರಿ ಅನ್ನೋದು ನಿಮ್ಮ ಕೈಗೆ ಬಿಟ್ಟಿದ್ದು. ಪೂರ್ತಿ ತಣ್ಣಗಾದ ಮೇಲೆ ಕೆರೆದ್ರೆ ಪುಡಿಯಾಗಿ ಚಕ್ಕೆ ಏಳುತ್ತೆ, ತುಂಬಾ ಬಿಸಿ ಇದ್ರೆ ಬ್ಲೇಡಿಗೆ ಅಂಟುತ್ತೆ.

ಸೂಜೀಲಿ ಗೀರಿ ಗೆರೆ ಮಾಡಿ ಅದರೊಳಗೆ ಆಯಿಲ್ ಪೇಂಟ್ ತುಂಬಬಹುದು. ಬೆರಳಲ್ಲಿ ಪೇಂಟ್ ಉಜ್ಜಿ, ಮೇಲಿಂದ ಟಿಶ್ಯೂಗೆ ಒಂದು ಹನಿ ಅಡುಗೆ ಎಣ್ಣೆ ಹಾಕಿ ಒರೆಸಿದ್ರೆ ಗೀರಿನೊಳಗೆ ಮಾತ್ರ ಬಣ್ಣ ಉಳಿಯುತ್ತೆ, ಆಮೇಲೆ ಲಘುವಾಗಿ ಫ್ಯೂಸ್.

ಲೇಸರ್ ಪ್ರಿಂಟ್ ಅಚ್ಚು ಇಳಿಸೋದೂ ಇಲ್ಲೇ ಮಾಡೋದು. ನುಣುಪಾದ, ಬೆಚ್ಚಗಿರೋ ಮೇಣದ ಮೇಲೆ ಪ್ರಿಂಟ್ ಮುಖ ಕೆಳಗೆ ಮಾಡಿಟ್ಟು ಚಮಚದಲ್ಲಿ ಚೆನ್ನಾಗಿ ಉಜ್ಜಿ, ಆರಿದ ಮೇಲೆ ಪೇಪರಿಗೆ ನೀರು ಹಚ್ಚಿ ಬೆರಳಲ್ಲಿ ತಿಕ್ಕಿ ತೆಗೀರಿ. ಶಾಯಿ ಮೇಣದಲ್ಲೇ ಉಳಿಯುತ್ತೆ. ಅಕ್ಷರ ಇದ್ರೆ ಮಿರರ್ ಮಾಡಿ ಪ್ರಿಂಟ್ ತೆಗೆಸಿ, ಇಲ್ಲಾಂದ್ರೆ ಕನ್ನಡ ಉಲ್ಟಾ ಬರುತ್ತೆ. ಇಂಕ್‌ಜೆಟ್ಟಲ್ಲಿ ಇದು ಆಗಲ್ಲ. ನೀರು ಪೂರ್ತಿ ಆರೋವರೆಗೂ ಮತ್ತೆ ಬಿಸಿ ಕೊಡ್ಬೇಡಿ.

ಹಂತ 7: ಯಾವಾಗ ನಿಲ್ಲಿಸೋದು

ಇದಕ್ಕೆ ರೂಲ್ ಇಲ್ಲ, ಆದ್ರೆ ಎರಡು ಉಪಾಯ ಇದೆ. ಫೋನಲ್ಲಿ ಫೋಟೋ ತೆಗೆದು ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಿ, ಎಲ್ಲಾ ಒಂದೇ ಬೂದು ಬಣ್ಣ ಕಂಡ್ರೆ ಎಲ್ಲೋ ಒಂದು ಕಡೆ ಗಾಢ ಬೇಕು. ಇನ್ನೊಂದು, ಮುಂದೆ ಏನು ಮಾಡ್ತೀರಿ ಅನ್ನೋದಕ್ಕೆ ಇನ್ನೂ ಚಂದ ಮಾಡ್ತೀನಿ ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ ಅಂದ್ರೆ ತವಾ ಆಫ್ ಮಾಡಿ. ಮಾರನೇ ದಿನ ಬೆಳಕಲ್ಲಿ ನೋಡಿ. ಮೇಣ ಎಲ್ಲಿಗೂ ಓಡಲ್ಲ, ಒಂದು ವರ್ಷ ಬಿಟ್ಟು ಬೇಕಾದ್ರೂ ಬಿಸಿ ಮಾಡಿ ಮುಂದುವರಿಸಬಹುದು.

ಹಂತ 8: ಆಮೇಲೆ

ಕೆಲವು ವಾರಕ್ಕೆ ಮೇಲೆ ಬೂದಿ ಬಳಿದಂಗೆ ಬಿಳಿ ಮಬ್ಬು ಬರಬಹುದು. ಫಂಗಸ್ ಅಂತ ಗಾಬರಿಯಾಗಿ ಫೋಟೋ ಕಳಿಸೋರು ತುಂಬಾ ಜನ. ಅದಕ್ಕೆ ಬ್ಲೂಮ್ ಅಂತಾರೆ, ಜೇನುಮೇಣದ ಸಹಜ ಗುಣ, ಮೆತ್ತನೆ ಹತ್ತಿ ಬಟ್ಟೇಲಿ ವೃತ್ತಾಕಾರವಾಗಿ ಉಜ್ಜಿದ್ರೆ ಹೋಗುತ್ತೆ, ಹೊಳಪೂ ಬರುತ್ತೆ. ಮೊದಲ ಆರು ತಿಂಗಳಿಂದ ವರ್ಷದವರೆಗೆ ಮೇಣ ಗಟ್ಟಿಯಾಗ್ತಾ ಇರುತ್ತೆ, ಅಲ್ಲೀವರೆಗೆ ಆಗಾಗ ಉಜ್ಜಬೇಕಾಗುತ್ತೆ.

ನೇರ ಬಿಸಿಲು ಬೀಳೋ ಗೋಡೆ ಬೇಡ, ದೇವರ ದೀಪದ ಮೇಲಿನ ಗೋಡೆ ಬೇಡ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೇಲಿ ತಂಪಿರೋ ರೂಮಲ್ಲಿಡಿ, ಗೋಡೆ ಮೇಲೆ ಕರಗಲ್ಲ, ಆದ್ರೆ ಮೆತ್ತಗಾಗಿ ಧೂಳು ಹಿಡ್ಕೊಳ್ಳುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಮಾತ್ರ ಬಿಟ್ಟು ಹೋಗಲೇಬೇಡಿ. ಫ್ರೇಮಿಗೆ ಗಾಜು ಬೇಕಾಗಲ್ಲ, ಹಾಕಿದ್ರೂ ಮೇಣಕ್ಕೆ ತಾಗಬಾರದು. ಕೊರಿಯರ್ ಮಾಡೋದಾದ್ರೆ ಮೊದಲು ಬಟರ್ ಪೇಪರ್, ಅದರ ಮೇಲೆ ಬಬಲ್ ರ‍್ಯಾಪ್. ನೇರ ಬಬಲ್ ರ‍್ಯಾಪ್ ಸುತ್ತಿದ್ರೆ ತಲುಪೋ ಹೊತ್ತಿಗೆ ಚಿತ್ರದ ತುಂಬಾ ಗುಂಡು ಗುಂಡು ಅಚ್ಚು.

ಕೆರೆದ ಸುರುಳಿ, ಡಬ್ಬಿ ತಳದ ಮೇಣ ಯಾವ್ದನ್ನೂ ಸಿಂಕಿಗೆ ಹಾಕ್ಬೇಡಿ, ಪೈಪಲ್ಲಿ ಗಟ್ಟಿಯಾಗಿ ಪ್ಲಂಬರ್ ಕರೆಸಬೇಕಾಗುತ್ತೆ. ಬಿಸಿ ಇರುವಾಗ ಡಬ್ಬಿ ಒಳಗೆ ಟಿಶ್ಯೂ ಹಾಕಿ ಒರೆಸಿದ್ರೆ ಸಾಕು. ಸುರುಳಿಗಳನ್ನ ಬಣ್ಣಬಣ್ಣಕ್ಕೆ ಬೇರೆ ಮಾಡಿ ಎತ್ತಿಡಿ. ಎಲ್ಲಾ ಕಲಸಿಹೋಗಿದ್ರೆ ಒಟ್ಟಿಗೆ ಕರಗಿಸಿ ಶೋಧಿಸಿ, ಒಂಥರಾ ಕೊಚ್ಚೆ ಕಂದು ಬಣ್ಣ ಬರುತ್ತೆ, ನೋಡೋಕೆ ಚೆನ್ನಾಗಿಲ್ಲ, ಆದ್ರೆ ಮುಂದಿನ ಹಲಗೆಯ ಎರಡನೇ ಅಡಿಪದರಕ್ಕೆ ಅದನ್ನೇ ಬಳಿದು ಮೇಲೆ ಬಿಳಿ ಹಾಕಿ ಕೆರೆದು ನೋಡಿ.